ಕೆಳಗಿನ ನೀರು

ಎಚ್ಚರವಾದಾಗ ಬಲಗೈ ಜೋಮು ಹಿಡಿದಿತ್ತು. ಕಾಸ್ಮಿಕೋಯ ಅದನ್ನು ಎಡಗೈಯಿಂದ ಎತ್ತಿ ಎದೆಯ ಮೇಲಿಟ್ಟುಕೊಂಡು, ಬೇರೆ ಯಾರದೋ ಸಾಮಾನು ಕಾಯುತ್ತಿರುವವನ ಹಾಗೆ ಸ್ವಲ್ಪ ಹೊತ್ತು ಮಲಗಿಯೇ ಇದ್ದ. ದೋಣಿಮನೆಯ ಗರಿಯ ಮಾಡಿನಲ್ಲಿ ಬೆಳಕು ಇನ್ನೂ ಬೂದಿಯ ಬಣ್ಣದಲ್ಲಿತ್ತು. ಹೊರಗೆ ಬೋಟಿನ ಹತ್ತಿರ ಯಾರೋ ಕೆಮ್ಮಿದರು, ಯಾರೋ ನಕ್ಕರು. ನಗು ತನ್ನ ಬಗ್ಗೆಯೇ ಇರಬೇಕು ಅನ್ನಿಸಿತು. ಹೀಗೆ ಅನ್ನಿಸುವುದು ಈಚೆಗೆ ಶುರುವಾದದ್ದು. ಈ ಕೈಗೆ ದ್ವೀಪದಲ್ಲಿ ಒಂದು ಕಾಲಕ್ಕೆ ಹೆಸರಿತ್ತು. ಬೋಟಿನ ನಡುವೆ, ಅಡಿಯ ತೂತುಗಳಿಂದ ಸಮುದ್ರದ ನೀರು ತುಂಬುವ ತೊಟ್ಟಿ, ಅದರೊಳಗೆ ಬೆರಳುದ್ದದ ಜೀವಂತ ಎರೆಮೀನು. ಅವನ್ನು ಮುಷ್ಟಿಯಲ್ಲಿ ಹಿಡಿದು ನೀರಿಗೆ ಎಸೆಯುವುದು ಅವನ ಕೆಲಸ. ಎಸೆದಾಗ ಚೂರ ಮೀನಿನ ಹಿಂಡು ಕೆಳಗಿನಿಂದ ಎದ್ದು ಬಂದು ನೀರು ಕುದಿಯಬೇಕು. ಆ ಕುದಿತದೊಳಗೆ ಹಿಂಬದಿಯಲ್ಲಿ ನಿಂತವರು ಬಿದಿರ ಗಳದ ಗಾಳ ಇಳಿಸಿ, ಎತ್ತಿ, ತಲೆಯ ಮೇಲಿಂದ ಹಿಂದಕ್ಕೆ ಒಗೆಯಬೇಕು. ಎರೆ ಕಡಿಮೆಯಾದರೆ ಹಿಂಡು ಮುನಿಸಿಕೊಂಡು ಹೋಗುತ್ತದೆ, ಹೆಚ್ಚಾದರೆ ಹೊಟ್ಟೆ ತುಂಬಿ ಹೋಗುತ್ತದೆ. ಎಷ್ಟು, ಯಾವಾಗ, ಯಾವ ಕಡೆಗೆ ಎಂದು ಯಾರಾದರೂ ಕೇಳಿದ್ದರೆ ಅವನು ಹೇಳಲಾರ. ಕೈ ತಾನೇ ತೊಟ್ಟಿಗೆ ಇಳಿಯುತ್ತಿತ್ತು, ತಾನೇ ತಡೆಯುತ್ತಿತ್ತು. ಚೂರಗಳು ಹಲಗೆಯ ಮೇಲೆ ಬಿದ್ದು ಬಡಿದುಕೊಳ್ಳುವ ಸದ್ದಿನಲ್ಲಿ ಮಾತು ಕೇಳಿಸದೆ ಎಲ್ಲರೂ ಬಾಯಿ ತೆರೆದು ನಗುತ್ತಿದ್ದರು. ಆ ಸದ್ದು ಕೇಳಿ ಎಷ್ಟು ಕಾಲವಾಯಿತು ಎಂದು ಲೆಕ್ಕ ಹಾಕಲು ಹೊರಟು, ಬೇಡವೆಂದು ಬಿಟ್ಟ.

ನಿನ್ನೆ ಸಂಜೆ ಹಂಝತ್ ಹೇಳಿದ್ದೂ ನೆನಪಾಗದಿದ್ದರೆ ಚೆನ್ನಾಗಿತ್ತು. ಹಂಝತ್ ಅವನ ಅಕ್ಕನ ಮಗ. ದ್ವೀಪದಲ್ಲಿ ಮನೆ, ತೆಂಗು, ಬೋಟು ಎಲ್ಲ ಹೆಣ್ಣಿನ ಕಡೆಯಿಂದ ಇಳಿಯುವುದರಿಂದ ಈ ಬೋಟು ಅಕ್ಕನ ಮನೆಯದು, ಚುಕ್ಕಾಣಿ ಹಂಝತ್‌ನದು. ಅವನು ಮುಖ ನೋಡಿ ಹೇಳಲಿಲ್ಲ. ಕೈಯಲ್ಲಿದ್ದ ಬಲೆಯ ಗಂಟಿಗೆ ಹೇಳಿದ ಹಾಗೆ ಹೇಳಿದ. ನಾಳೆ ಒಂದು ದಿನ ನೋಡುವುದು, ಚೂರ ಮೇಲೆ ಬಂದರೆ ಸರಿ. ಇಲ್ಲದಿದ್ದರೆ ತೊಟ್ಟಿಯ ತೂತುಗಳಿಗೆ ಬಿರಡೆ ಜಡಿದು ಐಸು ತುಂಬುವುದು, ಬೇರೆ ಬೋಟಿನವರು ಮಾಡುತ್ತಿರುವ ಹಾಗೆ ಆಳಕ್ಕೆ ದಾರ ಬಿಡುವುದು. ಎರೆಯೂ ಬೇಡ, ಎರೆ ಎಸೆಯುವವನೂ ಬೇಡ ಎಂಬ ಮಾತನ್ನು ಅವನು ಆಡಲಿಲ್ಲ, ಒಳ್ಳೆಯ ಹುಡುಗ. “ನೀವು ಬರಬೇಡಿ ಅಂತಲ್ಲ ಮಾವಾ. ಬನ್ನಿ. ಸುಮ್ನೆ ಕೂತಿರಿ. ನಿಮ್ಮ ಪಾಲು ನಿಮಗೆ ಇದ್ದೇ ಇರುತ್ತೆ,” ಅಂದಿದ್ದ. ಕಾಸ್ಮಿಕೋಯ ತಲೆಯಾಡಿಸಿದ್ದ. ಬರೀ ತಲೆಯಾಡಿಸಿದ್ದರೆ ಆಗುತ್ತಿತ್ತು, ‘ದೊಡ್ಡ ಉಪಕಾರ’ ಎಂದೂ ಅಂದುಬಿಟ್ಟಿದ್ದ. ಯಾಕೆ ಅಂದೆ? ಒಡೆದ ಬೋಟಿನ ಹಲಗೆಯ ಮೇಲೆ ಕೂತು ಬೀಡಿ ಸೇದುವ ಮುದುಕರು ಕಡಲ ದಂಡೆಯಲ್ಲಿ ಇರುತ್ತಾರೆ, ಮೀನು ಬಂದಾಗ ಅವರ ಕಾಲ ಬಳಿ ಯಾರಾದರೂ ಒಂದನ್ನು ಹಾಕಿ ಹೋಗುತ್ತಾರೆ. ಸುಮ್ನೆ ಕೂತಿರಿ.

ಎದ್ದು ಲುಂಗಿ ಬಿಗಿಮಾಡಿಕೊಂಡು ಹೊರಗೆ ಬಂದರೆ ತೆಂಗಿನ ಮರದ ಬುಡದಲ್ಲಿ ಹೆಂಡತಿ ಸುಹರಾಬಿ ನಿಂತಿದ್ದಳು, ಕೈಯಲ್ಲಿ ಚಹಾದ ಫ್ಲಾಸ್ಕು. ಹೆಂಗಸರು ಈ ಹೊತ್ತಿನಲ್ಲಿ ದೋಣಿಮನೆಯ ಕಡೆ ಬರುವುದಿಲ್ಲ. ಬೋಟಿನವರೆಲ್ಲ ಬೇಕೆಂದೇ ಹಗ್ಗ ಸುತ್ತುವುದರಲ್ಲಿ ಮಗ್ನರಾಗಿದ್ದರು. ಈ ಊರಿನ ಗಂಡಸಿಗೆ ಹಗಲು ಅಮ್ಮನ ಮನೆ, ರಾತ್ರಿ ಹೆಂಡತಿಯ ಮನೆ. ಸಂಜೆ ಹೋಗುತ್ತಾನೆ, ಉಣ್ಣುತ್ತಾನೆ, ಬೆಳಿಗ್ಗೆ ಹೊರಡುತ್ತಾನೆ. ಹೋಗುವುದನ್ನು ನಿಲ್ಲಿಸಿದರೆ ಯಾರೂ ಜಗಳವಾಡುವುದಿಲ್ಲ. ಚಪ್ಪಲಿ ಬಿಡುವ ಜಾಗ ಕೆಲವು ದಿನ ಖಾಲಿ ಇರುತ್ತದೆ, ಆಮೇಲೆ ಆ ಜಾಗದಲ್ಲಿ ಕೊಡವನ್ನೋ ಬುಟ್ಟಿಯನ್ನೋ ಇಡುತ್ತಾರೆ. ಕಾಸ್ಮಿಕೋಯ ಹೋಗದೆ ಈಗ ವಾರದ ಮೇಲಾಗಿತ್ತು. ಜಗಳವೇನೂ ಆಗಿರಲಿಲ್ಲ. ಒಂದು ಸಂಜೆ ಎಂದಿನ ಹಾಗೆ ಹೋಗಿದ್ದ, ಬರಿಗೈಯಲ್ಲಿ. ಮೊದಲಾದರೆ ಬಾಲ ಹಿಡಿದ ಚೂರವೊಂದು ಕೈಯಲ್ಲಿ ತೂಗುತ್ತ ಅವನಿಗಿಂತ ಮುಂಚೆ ಒಳಗೆ ಹೋಗುತ್ತಿತ್ತು. ಅತ್ತೆ ಪಾತುಮ್ಮಾಬಿ ಊಟಕ್ಕೆ ಹಾಕಿದಳು. ಅನ್ನ, ತೆಂಗಿನಕಾಯಿ ಹಾಕಿದ ಸಾರು, ಪಕ್ಕದಲ್ಲಿ ಮೀನು. ತುತ್ತು ಬಾಯಿಗಿಟ್ಟ ಮೇಲೆ ಗೊತ್ತಾಯಿತು, ಅದು ಡಬ್ಬಿಯ ಮೀನು. ಹಡಗಿನಲ್ಲಿ ಬಂದದ್ದು, ಎಣ್ಣೆಯಲ್ಲಿ ನೆನೆಸಿದ್ದು, ಹತ್ತಿಯ ಹಾಗೆ. ಒಲೆಯ ಪಕ್ಕದಲ್ಲಿ ಡಬ್ಬಿಯೂ ಇತ್ತು. ಅದರ ಮೇಲೆ ನೀಲಿ ಮೀನಿನ ಚಿತ್ರ, ಮೀನಿನ ಮುಖದಲ್ಲಿ ನಗು. ಯಾರೂ ಏನೂ ಹೇಳಲಿಲ್ಲ. ಅದೇ ಕಷ್ಟವಾದದ್ದು, ಅತ್ತೆ ಒಂದು ಮಾತು ಚುಚ್ಚಿದ್ದರೆ ಅವನು ಸಿಟ್ಟಾಗಬಹುದಿತ್ತು. ಅವಳು ಮೆಲ್ಲಗೆ, ‘ಇನ್ನೊಂಚೂರು ಹಾಕ್ಲಾ ಮಗಾ?’ ಎಂದು ಕೇಳಿದ್ದಳು. ಹಾಕಿಸಿಕೊಂಡ. ಪೂರ್ತಿ ತಿಂದ. ಮರುದಿನ ಸಂಜೆ ಕಾಲುಗಳು ಆ ದಾರಿ ಹಿಡಿಯಲಿಲ್ಲ.

ಸುಹರಾಬಿ ಫ್ಲಾಸ್ಕಿನ ಮುಚ್ಚಳಕ್ಕೆ ಚಹಾ ಬಗ್ಗಿಸಿ ಕೊಟ್ಟಳು. ಹಿತ್ತಲ ಕಡೆಯ ಬಾಗಿಲ ಅಗುಳಿ ಕಿತ್ತುಹೋಗಿದೆ ಅಂದಳು, ಮಗಳು ಕವರತ್ತಿಯಿಂದ ಫೋನು ಮಾಡಿದ್ದಳು ಅಂದಳು. ಅವನು ಅವಳ ಕೈಯನ್ನೇ ನೋಡುತ್ತಿದ್ದ. ಚೂರ ಹೆಚ್ಚಿ, ಬೇಯಿಸಿ, ಹೊಗೆಯಲ್ಲಿಟ್ಟು, ಒಣಗಿಸಿ ಮಾಸ್ ಮಾಡುವ ಕೈ. ಹೊಗೆಯ ವಾಸನೆ ಹೋಗಿ ಸೋಪಿನ ವಾಸನೆ ಬರುತ್ತಿತ್ತು. ಮದುವೆಯಾದ ಹೊಸತರಲ್ಲಿ ಆ ಹೊಗೆಯ ವಾಸನೆಗೆ ಅವನು ಮುಖ ತಿರುಗಿಸಿದ್ದುಂಟು. ಹೊರಡುವ ಮುನ್ನ ಅವಳು ಸೆರಗು ಸರಿಮಾಡಿಕೊಳ್ಳುತ್ತ, ಬೋಟಿನವರಿಗೆ ಕೇಳದ ಹಾಗೆ ಹೇಳಿದಳು: “ಮೀನಿಲ್ಲದಿದ್ರೆ ಮನುಷ್ಯನೂ ಬರಬಾರದು ಅಂತ ಯಾರು ಹೇಳಿದ್ದು ನಿಮಗೆ?”

ಚಹಾ ತುಂಬ ಬಿಸಿಯಿತ್ತು, ಅದನ್ನು ಊದುವುದರಲ್ಲಿ ತೊಡಗಿದ. ತಲೆಯೆತ್ತಿದಾಗ ಅವಳು ಮರಗಳ ನಡುವೆ ಅರ್ಧ ದಾರಿ ಹೋಗಿಯಾಗಿತ್ತು, ಫ್ಲಾಸ್ಕು ಅವನ ಕಾಲ ಬಳಿ ಇತ್ತು.

ಒಳಗಡಲಿನಲ್ಲಿ ಎರೆ ಹಿಡಿಯುವುದರಲ್ಲಿ ಬಿಸಿಲು ಹರಡಿತು. ಮೊದಲು ಇದು ಚಹಾ ಕುಡಿಯುವಷ್ಟು ಹೊತ್ತಿನ ಕೆಲಸ. ಹವಳದ ಪೊದೆಯ ಮೇಲೆ ಬಲೆ ಇಳಿಸಿ ಬಿಟ್ಟು, ಜಜ್ಜಿದ ಮೀನಿನ ಚೂರು ಉದುರಿಸಿದರೆ ಪೊದೆಯೊಳಗಿನಿಂದ ಎರೆ ಮೋಡದ ಹಾಗೆ ಎದ್ದು ಬರುತ್ತಿತ್ತು, ಬಲೆಯ ನಾಲ್ಕು ಮೂಲೆ ಎತ್ತಿದರೆ ಆಯಿತು. ಈಗ ಪೊದೆಗಳು ಸತ್ತು ನಿಂತಿವೆ. ನೀರು ಕಾದ ಬೇಸಿಗೆಯಲ್ಲಿ ಅವು ಮೊದಲು ಬೆಳ್ಳಗಾದವು, ಎಷ್ಟು ಬೆಳ್ಳಗೆಂದರೆ ಮದುವೆ ಮನೆಯ ಹಾಗೆ. ನೋಡಲು ಚೆಂದವಿದೆ ಎಂದು ಹುಡುಗಿಯರು ಫೋಟೋ ತೆಗೆಸಿಕೊಂಡಿದ್ದರು. ಆಮೇಲೆ ಮೇಲೆಲ್ಲ ಪಾಚಿ ಕೂತು ಕಂದಾದವು, ಆಮೇಲೆ ಮುರಿದವು. ಕಾಸ್ಮಿಕೋಯ ಕಣ್ಣಿಗೆ ಗಾಜು ಕಟ್ಟಿಕೊಂಡು ನೀರಿನೊಳಗೆ ಮುಖವಿಟ್ಟು ಒಂದೊಂದು ಪೊದೆಯನ್ನೂ ನೋಡುತ್ತ ಹೋದ. ತಾನು ಹುಟ್ಟಿ ಬೆಳೆದ ಕೇರಿಯಲ್ಲಿ ಬಾಗಿಲು ಹಾಕಿದ ಮನೆಗಳನ್ನು ನೋಡಿಕೊಂಡು ಹೋದ ಹಾಗಿತ್ತು. ಕೊನೆಗೆ ದಕ್ಷಿಣದ ತುದಿಯಲ್ಲಿ ಒಂದಿಷ್ಟು ಸಿಕ್ಕಿದವು. ತೊಟ್ಟಿಗೆ ಬಿಟ್ಟಾಗ ತಳ ಕಾಣುತ್ತಿತ್ತು. ಗಳ ಹಿಡಿಯುವವರಲ್ಲಿ ಹಿರಿಯನಾದ ಆಟ್ಟಕೋಯ, ಚಿಕ್ಕಂದಿನಿಂದ ಜೊತೆಗೆ ಬೆಳೆದವನು, ತೊಟ್ಟಿಗೆ ಇಣುಕಿ ನೋಡಿ, ಇದನ್ನು ನೆಂಟರು ಬಂದರೆ ಸಾರಿಗೆ ಹಾಕಬಹುದು, ಒಬ್ಬರೇ ನೆಂಟರಾದರೆ ಅಂದ. ಎಲ್ಲರೂ ನಕ್ಕರು. ಕಾಸ್ಮಿಕೋಯನೂ ನಕ್ಕ. ನಕ್ಕದ್ದು ಜೋರಾಯಿತೇನೋ ಅನ್ನಿಸಿತು.

ಒಳಗಡಲನ್ನು ಸುತ್ತುವರಿದ ಹವಳದ ದಿಬ್ಬದ ಬಾಯಿ ದಾಟಿ ಹೊರಗಡಲಿಗೆ ಬಂದ ಮೇಲೆ ಅವನು ತೊಟ್ಟಿಯ ಅಂಚಿನಲ್ಲಿ ಕೂತು ನೀರಿಗೆ ಕೈ ಬಿಟ್ಟುಕೊಂಡ. ಎರೆಗಳು ಬೆರಳ ಸಂದಿಯಲ್ಲಿ ಓಡಾಡಿದವು. ತೊಟ್ಟಿಯ ತೂತುಗಳಿಂದ ಸಮುದ್ರ ಒಳಗೆ ಬಂದು ಹೊರಗೆ ಹೋಗುತ್ತಿರುತ್ತದೆ, ಅದರಿಂದಲೇ ಅವು ಬದುಕುವುದು. ಆ ನೀರು ಬೆಚ್ಚಗಿತ್ತು. ಬಿಸಿಲಿಗೆ ಬೆಚ್ಚಗಾದ ನೀರು ಅವನಿಗೆ ಗೊತ್ತು, ಇದು ಹಾಗಲ್ಲ. ಜ್ವರ ಬಂದ ಮಗುವಿನ ಕುತ್ತಿಗೆಯ ಹಾಗೆ ಒಳಗಿನಿಂದ ಬೆಚ್ಚಗೆ. ಮಗಳಿಗೆ ಹಾಗೆ ಜ್ವರ ಬಂದಿದ್ದಾಗ ಸುಹರಾಬಿ ಬೆಳಗಿನ ತನಕ ಒದ್ದೆ ಬಟ್ಟೆ ಹಿಡಿದು ಕೂತಿದ್ದಳು. ಅವನು ಹೊತ್ತಾಯಿತೆಂದು ಬೋಟಿಗೆ ಬಂದಿದ್ದ. ಅವತ್ತು ಚೂರ ಎಷ್ಟು ಬಿತ್ತೆಂದರೆ ಬೋಟಿನ ಅಂಚು ನೀರಿಗೆ ತಾಗುತ್ತಿತ್ತು. ಸಂಜೆ ಬಾಲ ಹಿಡಿದು ಎರಡು ಮೀನು ಒಯ್ದರೆ ಅವಳು ಅವುಗಳ ಕಡೆ ನೋಡಲೂ ಇಲ್ಲ, ಜ್ವರ ಇಳಿಯಿತು ಅಂದಿದ್ದಳು. ಈಗ ಅದು ಯಾಕೆ ನೆನಪಾಗಬೇಕು.

ಹೋದ ಸಲದ್ದು ನೆನಪಾಗದಿರಲಿ ಎಂದು ಬಂದ ನೆನಪು ಇರಬೇಕು. ಹೋದ ಸಲ ಹಕ್ಕಿಗಳು ಸುತ್ತುತ್ತಿದ್ದವು, ನೀರು ಹೀಗೇ ಕಪ್ಪಾಗಿತ್ತು. ಅವನು ಮೊದಲ ಮುಷ್ಟಿ ಎಸೆದ, ಎರಡನೆಯದನ್ನು ಎಸೆದ. ಗಳದವರು ಹಲಗೆಯ ಮೇಲೆ ಸಾಲಾಗಿ ನಿಂತರು, ಒಬ್ಬ ಎರೆ ಮಿಡುಕುವ ಹಾಗೆ ಕಾಣಲೆಂದು ಬೋಗುಣಿಯಿಂದ ನೀರು ಚಿಮುಕಿಸತೊಡಗಿದ. ಏನೂ ಏಳಲಿಲ್ಲ. ಬಗ್ಗಿ ನೋಡಿದರೆ ಕೆಳಗೆ, ಬಹಳ ಕೆಳಗೆ, ಇದ್ದವು. ನೆರಳು ನೆರಳಾಗಿ ಒಂದೇ ಕಡೆಗೆ ಹೋಗುತ್ತಿದ್ದವು. ಒಂದೆರಡು ಸ್ವಲ್ಪ ಮೇಲೆ ಬಂದು, ಬಿಸಿ ಪಾತ್ರೆಗೆ ಕೈ ತಾಗಿದವರ ಹಾಗೆ ಹಿಂದಕ್ಕೆ ಹೋದವು. ಬರುವುದಿಲ್ಲ ಎಂದು ಅವನಿಗೆ ಆಗಲೇ ತಿಳಿದಿತ್ತು. ಆದರೆ ಬೆನ್ನಿನ ಮೇಲೆ ಅಷ್ಟು ಜನರ ಕಣ್ಣುಗಳಿದ್ದವು. ಎಸೆಯುವುದನ್ನು ನಿಲ್ಲಿಸಿದರೆ ಏನಾದರೂ ಹೇಳಬೇಕಾಗುತ್ತದೆ. ಎಸೆಯುತ್ತಿದ್ದರೆ ಹೇಳಬೇಕಾಗಿಲ್ಲ. ಅವನು ಎಸೆಯುತ್ತ ಹೋದ, ಬೆಕ್ಕು ಕರೆಯುವವರ ಹಾಗೆ ನಾಲಿಗೆಯಿಂದ ಸದ್ದು ಕೂಡ ಮಾಡಿದ, ತೊಟ್ಟಿಯ ತಳ ಕೆರೆದು ಕೊನೆಯ ಎರೆಯವರೆಗೆ. ಕೈಗೆ ಬರಕತ್ತು ಹೋಗಿದೆ ಎಂದು ಊರು ಆಡಿಕೊಂಡಿತು. ಪಾಪ, ವಯಸ್ಸಾಯಿತು, ಅಂದಾಜು ತಪ್ಪುತ್ತಿದೆ ಅಂದರು. ಅಂದಾಜು ತಪ್ಪಿರಲಿಲ್ಲ. ಈ ಒಂದು ಮಾತು ಅವನೊಬ್ಬನಿಗೇ ಗೊತ್ತಿದ್ದು, ಅದನ್ನು ಹೇಳುವುದಕ್ಕಿಂತ ವಯಸ್ಸಾದವನಾಗಿ ಇರುವುದೇ ಹಗುರವಾಗಿತ್ತು.

“ಹಕ್ಕಿ,” ಅಂದ ಹಂಝತ್.

ಪಡುವಣ ಕಡೆ ಹಕ್ಕಿಗಳು ಗಿರಕಿ ಹೊಡೆಯುತ್ತಿದ್ದವು. ಬೋಟು ತಿರುಗಿತು. ಗಳದವರು ಎದ್ದು ಕೈಗೆ ಉಗುಳಿಕೊಂಡು ಹಿಂಬದಿಯ ಹಲಗೆಗೆ ಹೋದರು. ಅವರಿಗೂ ಗೊತ್ತಿತ್ತು, ಇವತ್ತಿನ ಮೀನು ಬರೀ ಮೀನಲ್ಲ. ಒಬ್ಬಿಬ್ಬರು ಕಾಸ್ಮಿಕೋಯನ ಕಡೆ ನೋಡಿ, ನೋಡಿದ್ದು ಗೊತ್ತಾಗಬಾರದೆಂದು ಹಕ್ಕಿಗಳ ಕಡೆ ನೋಡಿದರು. ಆಟ್ಟಕೋಯ ಅವನನ್ನು ದಾಟಿ ಹೋಗುವಾಗ ಹೆಗಲ ಮೇಲೆ ಕೈಯಿಟ್ಟು, “ಹೆದರ್ಬೇಡ. ಸೆಕೆ ಅಂತ ಕೆಳಗಿನ ಕೋಣೆಗೆ ಹೋಗಿ ಮಲಗಿವೆ ಅಷ್ಟೆ. ಚೆನ್ನಾಗಿ ಕರೆದ್ರೆ ಬರ್ತವೆ,” ಅಂದ.

ಹಂಝತ್ ಎಂಜಿನ್ ತಗ್ಗಿಸಿದ. ಬೋಟು ತನ್ನ ವೇಗದಲ್ಲೇ ಸ್ವಲ್ಪ ಸಾಗಿ ನಿಂತು ತೂಗಾಡಿತು. ಕಾಸ್ಮಿಕೋಯ ಬದಿಗೆ ಬಗ್ಗಿದ. ನೀರು ಕಪ್ಪಗೆ, ದಪ್ಪಗೆ ಕಂಡಿತು. ಕಣ್ಣು ಹೊಂದಿಕೊಳ್ಳುವವರೆಗೆ ತನ್ನದೇ ತಲೆಯ ನೆರಳು, ಅದರ ಸುತ್ತ ಬೆಳಕಿನ ಕಡ್ಡಿಗಳು. ಆಮೇಲೆ ಅವು ಕಂಡವು. ದೊಡ್ಡ ಹಿಂಡು. ಈಚೆಗೆ ಅವನು ಕಂಡದ್ದರಲ್ಲೆಲ್ಲ ದೊಡ್ಡದು. ಊರು ಬಿಟ್ಟು ಹೊರಟವರು ಗಂಟು ಹೊತ್ತು ಹೋಗುವ ಹಾಗೆ, ಆ ಕಡೆ ಈ ಕಡೆ ನೋಡದೆ, ಬಡಗಣ ಕಡೆಗೆ ಹೋಗುತ್ತಿದ್ದವು. ಎಷ್ಟು ಆಳ ಎಂದು ಹೇಳಲಾಗುತ್ತಿರಲಿಲ್ಲ, ಆದರೆ ಮೈಯ ಪಟ್ಟೆ ಕಾಣುತ್ತಿರಲಿಲ್ಲ. ಪಟ್ಟೆ ಕಾಣದಿದ್ದರೆ ದೂರ. ಹಕ್ಕಿಗಳು ಕೂಗುತ್ತಿದ್ದವು, ಅವೂ ಮೋಸ ಹೋಗಿದ್ದವು; ಇಳಿದು, ನೀರು ಮುಟ್ಟಿ, ಕೊಕ್ಕು ಖಾಲಿಯಾಗಿಯೇ ಏಳುತ್ತಿದ್ದವು. ಚುಕ್ಕಾಣಿಯ ಪಕ್ಕದಲ್ಲಿದ್ದ, ನೀರಡಿಯ ಮೀನು ತೋರಿಸುವ ಪೆಟ್ಟಿಗೆಯ ತೆರೆಯ ಮೇಲೂ ಅದೇ ಕಾಣುತ್ತಿರಬೇಕು, ಹಂಝತ್ ಅದರ ಕಡೆ ಒಮ್ಮೆ ನೋಡಿ ಅದರ ಮೇಲೆ ಟವೆಲ್ ಹಾಕಿಬಿಟ್ಟ. ಮಾವನ ಮರ್ಯಾದೆಗೆಂದು. ಕಾಸ್ಮಿಕೋಯನಿಗೆ ಅದೂ ಕಂಡಿತು.

ಕೈ ತೊಟ್ಟಿಗೆ ಇಳಿದಿತ್ತು. ಯಾವಾಗ ಇಳಿಯಿತೋ. ಮುಷ್ಟಿಯೊಳಗೆ ಎರೆಗಳು ಮಿಡುಕುತ್ತಿದ್ದವು, ಒಂದೊಂದರ ಪುಟ್ಟ ಬಲ ಅಂಗೈಗೆ ತಿಳಿಯುತ್ತಿತ್ತು. ಹಿಂಬದಿಯಲ್ಲಿ ನೀರು ಚಿಮುಕಿಸುವ ಸದ್ದು ಶುರುವಾಗಿತ್ತು. ಎಸೆಯಬಹುದು. ಒಂದೆರಡು ಹುಚ್ಚು ಮೀನು ಬಂದರೂ ಬರಬಹುದು, ಇನ್ನೊಂದು ವಾರ ತಳ್ಳಬಹುದು. ಬರದಿದ್ದರೂ, ತೊಟ್ಟಿ ಖಾಲಿಯಾಗುವವರೆಗೆ ಎಸೆದು ಆಮೇಲೆ ಕೈ ಚೆಲ್ಲಿದರೆ ಊರು ಸಮುದ್ರವನ್ನೇ ಬೈಯುತ್ತದೆ. ಕೊನೆಯತನಕ ಎಸೆದ ಎಂದು ಹೇಳಿಕೊಳ್ಳುತ್ತದೆ. ಎಸೆಯದೆ ನಿಂತರೆ ತನ್ನ ಜಾಗವನ್ನು ತಾನೇ ಬಿಟ್ಟುಕೊಟ್ಟ ಹಾಗೆ. ಅವನಿಗೆ ಧೈರ್ಯವೇನೂ ಬಂದಿರಲಿಲ್ಲ. ಬಂದದ್ದು ಆಯಾಸ. ಮತ್ತೊಮ್ಮೆ ಆ ಬೆಕ್ಕು ಕರೆಯುವ ಸದ್ದನ್ನು ತನ್ನ ಬಾಯಿಂದ ಕೇಳಲಾರೆ ಅನ್ನಿಸಿತು, ಅಷ್ಟೆ. ಮುಷ್ಟಿಯನ್ನು ನೀರಿನೊಳಗೇ ಬಿಡಿಸಿದ.

“ಎಸೆಯಲ್ಲ,” ಅಂದ. ದನಿ ಹೊರಡಲಿಲ್ಲವೆಂದು ಮತ್ತೆ ಹೇಳಿದ. “ಎಸೆಯಲ್ಲ ಹಂಝತ್. ಅವೆ, ಕೆಳಗಿನ ನೀರಲ್ಲಿ ಅವೆ. ಮೇಲಕ್ಕೆ ಬರಲ್ಲ. ಹೋದ ಸಲವೂ ಬರ್ತಿರಲಿಲ್ಲ.”

ನೀರು ಚಿಮುಕಿಸುವವನು ಇನ್ನೆರಡು ಬೋಗುಣಿ ಚಿಮುಕಿಸಿ ನಿಲ್ಲಿಸಿದ. ಕೊನೆಯ ಮಾತನ್ನು ಯಾರಾದರೂ ಹಿಡಿಯುತ್ತಾರೆಂದು ಕಾಸ್ಮಿಕೋಯ ಕಾದ. ಯಾರೂ ಹಿಡಿಯಲಿಲ್ಲ. ಆಟ್ಟಕೋಯ ಮಾತ್ರ ಗಳವನ್ನು ಕೆಳಗಿಟ್ಟು ಅವನ ಕಡೆ ಸ್ವಲ್ಪ ಹೆಚ್ಚು ಹೊತ್ತು ನೋಡಿದ, ಆಮೇಲೆ ಕಿವಿ ಹಿಂದಿನ ಬೀಡಿ ತೆಗೆದ. ಹಂಝತ್ ಸರಿ ಅಂದ. ಅವನ ಮುಖದಲ್ಲಿ ಗೆದ್ದ ಕಳೆ ಇರಲಿಲ್ಲ. ಮುಂಬದಿಯಲ್ಲಿ ಮುಚ್ಚಿಟ್ಟಿದ್ದ ಐಸಿನ ಪೆಟ್ಟಿಗೆ, ದಪ್ಪ ದಾರದ ಉಂಡೆ, ಬಿರಡೆಗಳ ಚೀಲ ಹೊರಗೆ ಬಂದವು. ಎರೆಯನ್ನು ಏನು ಮಾಡುವುದೆಂಬ ಮಾತು ಬಂತು. ದಾರದ ದೊಡ್ಡ ಕೊಕ್ಕೆಗೆ ಇವು ಸಾಲವು, ಅದಕ್ಕೆ ಬೇರೆ ಮೀನಿನ ತುಂಡು ತಂದಿದ್ದರು. ನಾಳೆಗೆ ಇಡುವ ಹಾಗಿಲ್ಲ. ನಾನೇ ಬಿಡುತ್ತೇನೆ ಅಂದ ಕಾಸ್ಮಿಕೋಯ. ಸಣ್ಣ ಬಲೆಯಲ್ಲಿ ಎತ್ತಿ, ಬೋಟಿನ ಬದಿಯಲ್ಲಿ ನೀರಿಗೆ ತಾಗಿಸಿ, ಬಲೆಯನ್ನು ಮಗುಚಿದ. ಎಸೆಯಲಿಲ್ಲ. ತೊಟ್ಟಿ ಖಾಲಿಯಾದ ಮೇಲೆ ಒಬ್ಬನು ಒಳಗಿಳಿದು ಬಿರಡೆ ಜಡಿಯತೊಡಗಿದ. ಒಂದೊಂದು ಪೆಟ್ಟೂ ಕೂತ ಹಲಗೆಯಿಂದ ಬೆನ್ನುಮೂಳೆಗೆ ಬಂತು.

ದಾರಗಳು ಇಳಿದವು, ಇಳಿಯುತ್ತಲೇ ಹೋದವು. ಅವನಿಗೂ ಒಂದು ದಾರ ಕೊಟ್ಟರು, ಅವನು ಅದನ್ನು ಹಿಡಿದುಕೊಂಡ. ಬಹಳ ಹೊತ್ತಿನ ಮೇಲೆ ಆಟ್ಟಕೋಯನ ದಾರಕ್ಕೆ ಒಂದು ದೊಡ್ಡ ಹಳದಿ ರೆಕ್ಕೆಯ ಚೂರ ಸಿಕ್ಕಿತು. ಮೂವರು ಸೇರಿ ಎಳೆದು, ಕೊಕ್ಕೆ ಹಾಕಿ ಮೇಲೆತ್ತಿದರು. ಹಲಗೆಯ ಮೇಲೆ ಅದು ಒಮ್ಮೆ ಬಾಲ ಬಡಿದು ಸುಮ್ಮನಾಯಿತು. ಮತ್ತೊಂದು ಸಿಕ್ಕಿತು. ಐಸು ಒಡೆಯುವ ಸದ್ದಾಯಿತು. ಯಾರೂ ಬಾಯಿ ತೆರೆದು ನಗಲಿಲ್ಲ, ಆದರೂ ಬರಿಗೈಯಲ್ಲಿ ಹೋಗುವುದಿಲ್ಲವೆಂಬ ಸಮಾಧಾನ ಅವರ ಭುಜಗಳಲ್ಲಿ ಕಾಣುತ್ತಿತ್ತು. ಅದನ್ನು ನೋಡಿ ತನಗೂ ಸಮಾಧಾನವಾಗಬೇಕೆಂದು ಅವನು ಕಾದ.

ಹೊರಡುವ ಹೊತ್ತಿಗೆ ದಾರ ಸುತ್ತುತ್ತ ಬದಿಗೆ ಬಗ್ಗಿದಾಗ ಅವನಿಗೆ ಕಂಡದ್ದು ಎರೆಗಳು. ಹೋಗಿರಲಿಲ್ಲ. ಹೋಗುವುದಕ್ಕೆ ಇಲ್ಲಿ ಪೊದೆಯಿಲ್ಲ, ಕಲ್ಲಿಲ್ಲ, ನೆಲವೇ ಇಲ್ಲ; ಇಷ್ಟು ಹೊತ್ತೂ ಬೋಟಿನ ನೆರಳಿನಲ್ಲಿ, ಅದರ ಹೊಟ್ಟೆಗೆ ಅಂಟಿಕೊಂಡ ಹಾಗೆ, ಒಂದೇ ಕಡೆಗೆ ಮುಖ ಮಾಡಿ ನಿಂತಿದ್ದವು. ಅವಕ್ಕೆ ಅದು ದಿಬ್ಬ. ಹಂಝತ್ ಎಂಜಿನ್ನಿಗೆ ಕೈ ಹಾಕಿದ್ದ.

“ಹಂಝತ್, ಮೆಲ್ಲಗೆ ಬಿಡು,” ಅಂದ ಕಾಸ್ಮಿಕೋಯ.

“ಯಾಕೆ ಮಾವಾ?”

“ನೆರಳಲ್ಲಿ ಬರ್ತವೆ.”

ಹಂಝತ್ ಬದಿಗೆ ಬಂದು ನೋಡಿದ. ಹಿಂದಕ್ಕೆ ಹೋಗಿ ಎಂಜಿನ್ ಚಾಲೂ ಮಾಡಿದ, ಸಣ್ಣಗೆ. ಬೋಟು ನಡೆಯುವ ಮನುಷ್ಯನ ವೇಗದಲ್ಲಿ ದ್ವೀಪದ ಕಡೆ ಹೊರಟಿತು. ಎರೆಗಳು ಬಂದವು. ಕಾಸ್ಮಿಕೋಯ ಹಲಗೆಯ ಮೇಲೆ ಹೊಟ್ಟೆಯಡಿ ಮಾಡಿ ಮಲಗಿ ನೋಡುತ್ತಿದ್ದ. ಇಡೀ ಗುಂಪು ಒಂದೇ ಮೈಯಾಗಿ ತಿರುಗಿ, ನೆರಳು ಸರಿದ ಕಡೆಗೆ ಸರಿದು, ಹಿಂದೆ ಬಿದ್ದವು ಓಡಿ ಬಂದು ಸೇರಿಕೊಂಡವು. ತೆಂಗಿನ ತಲೆಗಳು ಇನ್ನೂ ಕಾಣುತ್ತಿರಲಿಲ್ಲ. ಒಬ್ಬ ಬೆಳಿಗ್ಗೆಯಿಂದ ಏನೂ ತಿಂದಿಲ್ಲವೆಂದು ಗೊಣಗಿದ, ಆಟ್ಟಕೋಯ ಅವನಿಗೆ ಬೀಡಿ ಕೊಟ್ಟು ಬಾಯಿ ಮುಚ್ಚಿಸಿದ. ಐಸು ಕರಗುತ್ತಿತ್ತು. ಬಿಸಿಲು ನೆತ್ತಿಗೆ ಏರಿತು, ನೆರಳು ಬದಿಯಿಂದ ಸರಿದು ಬೋಟಿನ ಅಡಿಗೇ ಹೋಯಿತು. ಈಗ ಅವು ಕಾಣುತ್ತಿರಲಿಲ್ಲ. ಇವೆಯೋ ಇಲ್ಲವೋ ನೋಡಲು ಅವನು ತೋಳನ್ನು ಹೆಗಲಿನತನಕ ನೀರಿಗೆ ಇಳಿಸಿದ. ಸ್ವಲ್ಪ ಹೊತ್ತಿಗೆ ಬೆರಳ ತುದಿಗೆ ಏನೋ ತಾಗಿದ ಹಾಗಾಯಿತು, ನೀರೇ ಇರಬಹುದು.

ಎದ್ದು ಕೂತು ತೋಳನ್ನು ಲುಂಗಿಯಲ್ಲಿ ಒರೆಸಿಕೊಂಡ. “ಸಾಕು,” ಅಂದ. “ಓಡಿಸು. ಎಲ್ರೂ ಹಸಿದವ್ರೆ.”

ಹಂಝತ್ ಕೇಳಿಸಿಕೊಂಡ. ಕೇಳಿಸಿಕೊಂಡರೂ, ಚುಕ್ಕಾಣಿಯ ಮೇಲೆ ಕೈಯಿಟ್ಟು ಮುಂದಕ್ಕೆ ನೋಡುತ್ತ, ಇನ್ನೂ ಸ್ವಲ್ಪ ದೂರ ಹಾಗೇ ಮೆಲ್ಲಗೆ ಬಿಟ್ಟ. ಆಮೇಲೆ ಎಂಜಿನ್ನಿನ ಸದ್ದು ಏರಿತು.